ದಾರಿಗಳೆಲ್ಲ ಗಡಿಗೆ ಬಂದು ನಿಲ್ಲುವ ನಾಡು: ನಖ್‌ಚಿವಾನ್

ಅಜರ್‌ಬೈಜಾನಿನ ಸ್ವಾಯತ್ತ ಭಾಗವಾದ ನಖ್‌ಚಿವಾನ್ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು "ಅದು ತುಂಬ ದೂರ" ಅಂತ. ಈ ಮಾತು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ನಕ್ಷೆಯಲ್ಲಿ ನೋಡಿದರೆ ಅಜರ್‌ಬೈಜಾನಿನ ರಾಜಧಾನಿ ಬಾಕುವಿನಿಂದ ಅಲ್ಲಿಗೆ ನೇರ ಗೆರೆಯಲ್ಲಿ ಸುಮಾರು 400 ಕಿಲೋಮೀಟರ್, ನಮ್ಮ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು. ನಡುವೆ ಸಮುದ್ರವಿಲ್ಲ, ದಾಟಲಾಗದ ಹಿಮಶಿಖರಗಳೂ ಇಲ್ಲ. ಅರಸ್ ನದಿಯ ದಂಡೆ ಹಿಡಿದು ಹೋಗುವ ಹಳೆಯ ರೈಲುಹಾದಿಯೇ ಇತ್ತು. ಆದರೂ ಇವತ್ತು ಆ ದೇಶದ ಪ್ರಜೆಯೊಬ್ಬ ತನ್ನದೇ ದೇಶದ ಈ ಭಾಗಕ್ಕೆ ತನ್ನ ನೆಲದ ಮೇಲೆ ನಡೆದು ಹೋಗಲಾರ. ನಡುವೆ ಅರ್ಮೇನಿಯಾದ ದಕ್ಷಿಣದ ಪಟ್ಟಿ ಇದೆ. ಅರಸ್ ನದಿ ಹರಿಯುವ ಮೆಘ್ರಿಯ ಬಳಿ ಅದರ ಅಗಲ 43 ಕಿಲೋಮೀಟರ್ ಆಸುಪಾಸು. ಆ 43 ಕಿಲೋಮೀಟರೇ ಇಡೀ ನಾಡಿನ ಹಣೆಬರಹ ಬರೆದಿದೆ. ಹಾಗಾಗಿ ದೂರ ಎನ್ನುವುದಕ್ಕಿಂತ, ದಾರಿ ಮುಚ್ಚಿದ ನಾಡು ಎನ್ನುವುದು ಸರಿ ಅಂತ ನನಗನಿಸುತ್ತದೆ. ಅಲ್ಲಿಗೆ ಹೋಗುವವರಿಗೆ ಎದುರಾಗುವ ಸಣ್ಣಪುಟ್ಟ ತೊಡಕುಗಳೆಲ್ಲ, ವಿಮಾನದ ಟಿಕೆಟ್ಟಿನಿಂದ ಹಿಡಿದು ಕ್ಯಾಮೆರಾ ಎಲ್ಲಿ ತೆಗೆಯಬೇಕು ಎಂಬುದರವರೆಗೆ, ಇದೊಂದೇ ಕಾರಣದಿಂದ ಹುಟ್ಟಿದವು.

ಉತ್ತರಕ್ಕೂ ಪೂರ್ವಕ್ಕೂ ಅರ್ಮೇನಿಯಾ, ದಕ್ಷಿಣದಲ್ಲಿ ಅರಸ್ ನದಿಯಾಚೆ ಇರಾನ್, ವಾಯವ್ಯದ ಚೂಪು ಮೂಲೆಯಲ್ಲಿ ಮಾತ್ರ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ಉದ್ದದ ಟರ್ಕಿ ಗಡಿ. ವಿಸ್ತೀರ್ಣ ಸುಮಾರು 5,500 ಚದರ ಕಿಲೋಮೀಟರ್, ಜನಸಂಖ್ಯೆ ನಾಲ್ಕೂವರೆ ಲಕ್ಷದ ಆಸುಪಾಸು. ನಮ್ಮಲ್ಲಾದರೆ ಒಂದು ಜಿಲ್ಲೆಯಾಗುತ್ತಿತ್ತು. ಅಲ್ಲಿ ಅದಕ್ಕೆ ತನ್ನದೇ ಸಂವಿಧಾನ, ಸರ್ವೋಚ್ಚ ಮಜ್ಲಿಸ್ ಎಂಬ ತನ್ನದೇ ಶಾಸನಸಭೆ ಇವೆ.

ತುಂಡಾದದ್ದು ಹೇಗೆ

ಈ ಗಡಿಗಳನ್ನು ಎಳೆದವರು ಅಲ್ಲಿಯ ಜನರಲ್ಲ. 1921ರ ಮಾರ್ಚ್‌ನಲ್ಲಿ ಸೋವಿಯತ್ ರಷ್ಯಾ ಮತ್ತು ಟರ್ಕಿಯ ಅಂಕಾರಾ ಸರ್ಕಾರ ಮಾಸ್ಕೋದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾರ್ಸ್ ಪಟ್ಟಣದ ಒಪ್ಪಂದ ಅದನ್ನು ಖಚಿತಪಡಿಸಿತು. ನಖ್‌ಚಿವಾನ್ ಸ್ವಾಯತ್ತ ಪ್ರದೇಶವಾಗಿ ಅಜರ್‌ಬೈಜಾನಿನ ರಕ್ಷಣೆಯಲ್ಲಿ ಇರಬೇಕೆಂದು ಅಲ್ಲಿ ಬರೆಯಲಾಯಿತು. ಪೂರ್ವದ ಪಕ್ಕದ ಝಂಗೆಝೂರ್ ಸೀಮೆ ಅರ್ಮೇನಿಯಾ ಪಾಲಾಯಿತು. ಸೋವಿಯತ್ ಕಾಲವಿರುವವರೆಗೆ ಇದು ಕಾಗದದ ಮೇಲಿನ ಗೆರೆಯಷ್ಟೇ ಆಗಿತ್ತು. ಅರ್ಮೇನಿಯಾದ ರಾಜಧಾನಿ ಯೆರೆವಾನ್ ಕಡೆಯಿಂದ ಬಂದ ರೈಲುಹಾದಿ 1908ರಲ್ಲೇ ನಖ್‌ಚಿವಾನಿನ ಗಡಿಯೂರು ಜುಲ್ಫಾ ಮುಟ್ಟಿತ್ತು. ಬಾಕು ಕಡೆಯಿಂದ ಅರಸ್ ದಂಡೆಯ ಹಾದಿ 1941ರಲ್ಲಿ ಬಂದು ಸೇರಿತು. ಅಂದರೆ ಹಲವು ದಿಕ್ಕಿನ ದಾರಿ ಕೂಡುವ ಜಂಕ್ಷನ್ ಅದು.

1980ರ ದಶಕದ ಕೊನೆಗೆ ಕರಬಾಖ್ ಸೀಮೆಗಾಗಿ ಅರ್ಮೇನಿಯಾ, ಅಜರ್‌ಬೈಜಾನ್ ನಡುವೆ ಜಗಳ ಶುರುವಾದಾಗ ಅದೇ ಗೆರೆ ಗೋಡೆಯಾಯಿತು. 1989ರಿಂದ ರೈಲು ನಿಂತಿತು, ಮುಂದೆ ಅನಿಲವೂ ವಿದ್ಯುತ್ತೂ ಕಡಿದುಹೋದವು. 1990ರ ಜನವರಿ 20ರಂದು ಸೋವಿಯತ್ ಸೇನೆ ಬಾಕುವಿನಲ್ಲಿ ರಕ್ತ ಹರಿಸಿದ ದಿನವೇ ನಖ್‌ಚಿವಾನಿನ ಶಾಸನಸಭೆ ಸೋವಿಯತ್ ಒಕ್ಕೂಟದಿಂದ ಹೊರಬರುವುದಾಗಿ ಘೋಷಿಸಿತು. ಲಿಥುವೇನಿಯಾ ಅದೇ ಘೋಷಣೆ ಮಾಡಿದ್ದು ಮಾರ್ಚ್‌ನಲ್ಲಿ. ಈ ಮಾತು ಇತಿಹಾಸದ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗಿ ಉಳಿದಿರುವುದು ನನಗೆ ಬೇಸರದ ಸಂಗತಿ. ಮುಂದಿನ ಚಳಿಗಾಲಗಳಲ್ಲಿ ಜನ ಮರ ಕಡಿದು ಒಲೆ ಉರಿಸಿದರು. 1992ರ ಮೇ ತಿಂಗಳಲ್ಲಿ ಅರಸ್ ನದಿಯ ಮೇಲೆ ಟರ್ಕಿಯನ್ನು ಸೇರಿಸುವ ಉಮುತ್ ಸೇತುವೆ ತೆರೆದಾಗಲೇ ಸ್ವಲ್ಪ ಉಸಿರಾಡುವಂತಾದದ್ದು. ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದಿಂದ ಹೊರಬಿದ್ದ ಹೇದರ್ ಅಲಿಯೆವ್ ತನ್ನ ಹುಟ್ಟೂರಾದ ಇಲ್ಲಿಗೆ ಮರಳಿ, ಇಲ್ಲಿಂದಲೇ 1993ರಲ್ಲಿ ಬಾಕುವಿನ ಗದ್ದುಗೆಗೆ ಹೋದದ್ದು ಇದೇ ಕಾಲದಲ್ಲಿ.

ಅನಿಲದ ಕತೆ ಇನ್ನೂ ಬೆಳೆಯಿತು. 2005ರ ಹೊತ್ತಿಗೆ ಒಂದು ಅದಲುಬದಲು ವ್ಯವಸ್ಥೆ ಬಂತು: ಅಜರ್‌ಬೈಜಾನ್ ತನ್ನ ಅನಿಲವನ್ನು ಕ್ಯಾಸ್ಪಿಯನ್ ತೀರದ ಅಸ್ತಾರಾದಲ್ಲಿ ಇರಾನಿಗೆ ಕೊಡುವುದು, ಇರಾನ್ ಶೇಕಡಾ 15ರಷ್ಟನ್ನು ಶುಲ್ಕವಾಗಿ ಹಿಡಿದುಕೊಂಡು ಉಳಿದಷ್ಟನ್ನು ನಖ್‌ಚಿವಾನಿಗೆ ಕೊಡುವುದು. 2025ರ ಮಾರ್ಚ್‌ನಲ್ಲಿ ಟರ್ಕಿಯ ಇಗ್ದಿರ್‌ನಿಂದ ನೇರ ಕೊಳವೆಮಾರ್ಗ ಉದ್ಘಾಟನೆಯಾಯಿತು.

ತಲುಪುವ ಬಗೆ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಜರ್‌ಬೈಜಾನಿನ ಇ-ವೀಸಾ ಸಿಗುತ್ತದೆ. ಅಸಾನ್ ವೀಸಾ ಎಂಬ ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ. ಅದೇ ಹೆಸರಿನಂತೆ ಕಾಣುವ, ಹೆಚ್ಚು ಹಣ ಕೀಳುವ ನಕಲಿ ತಾಣಗಳು ಬಹಳ ಇವೆ. ಸಾಮಾನ್ಯ ಅರ್ಜಿಗೆ ಮೂರು ಕೆಲಸದ ದಿನ ಹಿಡಿಯುತ್ತದೆ. ಒಮ್ಮೆ ಒಳಹೋಗುವ ವೀಸಾ 90 ದಿನ ಚಾಲ್ತಿಯಲ್ಲಿದ್ದು, ಅದರೊಳಗೆ 30 ದಿನ ಇರಬಹುದು. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ನಮ್ಮವರಲ್ಲಿ ಎಡವಟ್ಟಾಗುವುದು ಇಲ್ಲೇ: ಮನೆತನದ ಹೆಸರಿನ ಜಾಗ ಖಾಲಿಯಿರುವವರು, ತಂದೆಯ ಹೆಸರು ಸೇರಿಸಿಕೊಂಡವರು ಏನೋ ತುಂಬಿಬಿಡುತ್ತಾರೆ. ಪಾಸ್‌ಪೋರ್ಟಿನ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲು ಇರುತ್ತವಲ್ಲ, ಅದನ್ನು ನೋಡಿ ತುಂಬಿದರೆ ತಪ್ಪಾಗದು. 15 ದಿನಕ್ಕಿಂತ ಹೆಚ್ಚು ಇರುವುದಾದರೆ ವಲಸೆ ಇಲಾಖೆಯಲ್ಲಿ ನೋಂದಣಿ ಕಡ್ಡಾಯ. ಹೋಟೆಲ್ ಅದನ್ನು ಮಾಡಿಕೊಡುತ್ತದೆ, ಆದರೆ ಮನೆಯಲ್ಲಿ ಉಳಿದವರು ತಾವೇ ಮಾಡಿಸಬೇಕು. ನಖ್‌ಚಿವಾನಿಗೆ ಬೇರೆ ವೀಸಾ ಬೇಡ, ಬಾಕುವಿನದ್ದೇ ಸಾಕು.

ಬಾಕುವಿನಿಂದ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಹಿಂದೆಲ್ಲ ಈ ವಿಮಾನಗಳು ಇರಾನಿನ ಆಕಾಶದಲ್ಲಿ ಬಳಸಿಕೊಂಡು ಬರುತ್ತಿದ್ದವು. 2021ರಿಂದ ಅರ್ಮೇನಿಯಾದ ಮೇಲೂ ಹಾರತೊಡಗಿದವು. ಆ ಸೀಮೆಯಲ್ಲಿ ಎಲ್ಲಿ ಯುದ್ಧವಾದರೂ ಮೊದಲು ಮುಚ್ಚುವುದು ಆಕಾಶವೇ. ಆದ್ದರಿಂದ ನಖ್‌ಚಿವಾನಿನಿಂದ ಮರಳುವ ದಿನವೇ ಬಾಕುವಿನಿಂದ ಭಾರತಕ್ಕೆ ಹೊರಡುವ ಟಿಕೆಟ್ ಇಟ್ಟುಕೊಳ್ಳಬೇಡಿ, ನಡುವೆ ಒಂದು ಇಡೀ ದಿನ ಬಿಡಿ. ಈ ಮಾರ್ಗದಲ್ಲಿ ಸ್ಥಳೀಯರಿಗೆ ಸರ್ಕಾರದ ರಿಯಾಯಿತಿ ದರವಿದೆ. ಬಸ್ಸಿನಲ್ಲಿ ಓಡಾಡುವಂತೆ ಅವರು ಈ ವಿಮಾನದಲ್ಲಿ ಓಡಾಡುತ್ತಾರೆ, ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ. ಬೇಸಿಗೆ ರಜೆ ಮತ್ತು ಮಾರ್ಚ್ ಕೊನೆಯ ನವ್ರೂಜ್ ಹಬ್ಬದ ವಾರದಲ್ಲಿ ಸೀಟು ಸಿಗುವುದು ಕಷ್ಟ. ಇಸ್ತಾಂಬುಲ್ಲಿನಿಂದಲೂ ನೇರ ವಿಮಾನವಿದೆ. ಟರ್ಕಿ ನೋಡಿಕೊಂಡು ಬರುವವರಿಗೆ ಅದು ಅನುಕೂಲ.

ನೆಲದ ಗಡಿಯ ವಿಷಯ ಬೇರೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಹೇಳಿ ಮುಚ್ಚಿದ ನೆಲದ ಗಡಿಗಳನ್ನು ಅಜರ್‌ಬೈಜಾನ್ ಸಾಮಾನ್ಯ ಪ್ರಯಾಣಿಕರಿಗೆ ವರ್ಷಗಟ್ಟಲೆ ತೆರೆಯಲಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಮತ್ತೆ ವಿಸ್ತರಿಸುತ್ತ ಬಂತು. ಹಳೆಯ ಪ್ರವಾಸ ಕಥನಗಳಲ್ಲಿ ಇಗ್ದಿರ್‌ನಿಂದ ಬಸ್ಸು ಹತ್ತಿ ಸದರಕ್ ಗಡಿ ದಾಟಿದ ವಿವರ, ಇರಾನಿನ ಜುಲ್ಫಾದಿಂದ ಸೇತುವೆ ನಡೆದು ಬಂದ ವಿವರ ಸಿಗುತ್ತದೆ. ಅದನ್ನು ನಂಬಿ ಗಡಿಯವರೆಗೆ ಹೋಗಿ ತಿರುಗಿ ಬಂದವರು ಕಡಿಮೆಯೇನಲ್ಲ. ವಿಮಾನವೊಂದನ್ನೇ ನೆಚ್ಚಿಕೊಂಡು ಯೋಜನೆ ಮಾಡಿ.

ಪಾಸ್‌ಪೋರ್ಟಿನಲ್ಲಿ ಅರ್ಮೇನಿಯಾದ ಮುದ್ರೆ ಇದ್ದರೆ ಅದೊಂದೇ ಕಾರಣಕ್ಕೆ ತಡೆಯುವುದಿಲ್ಲ. ಏಕೆ ಹೋಗಿದ್ದಿರಿ, ಎಲ್ಲೆಲ್ಲಿ ಹೋಗಿದ್ದಿರಿ ಎಂದು ಕೇಳುತ್ತಾರೆ. ಅಲ್ಲಿ ಕೊಂಡ ನೆನಪಿನ ವಸ್ತುಗಳನ್ನು, ಅರ್ಮೇನಿಯನ್ ಲಿಪಿಯ ಪುಸ್ತಕಗಳನ್ನು ಜೊತೆಗೆ ಒಯ್ಯಬೇಡಿ. ಎರಡೂ ದೇಶ ನೋಡುವವರು ಅಜರ್‌ಬೈಜಾನ್ ಮೊದಲು, ಅರ್ಮೇನಿಯಾ ಆಮೇಲೆ ಎಂದು ಇಟ್ಟುಕೊಂಡರೆ ಪ್ರಶ್ನೆಗಳು ಕಡಿಮೆ. ಭಾರತೀಯರಿಗೆ ಇನ್ನೊಂದು ಮಾತು. ಭಾರತ ಅರ್ಮೇನಿಯಾಕ್ಕೆ ಪಿನಾಕಾ ರಾಕೆಟ್ ವ್ಯವಸ್ಥೆ ಮಾರಿದ್ದು ಅಲ್ಲಿಯವರಿಗೆ ಗೊತ್ತು. 2025ರ ಮೇ ತಿಂಗಳಲ್ಲಿ ಅಜರ್‌ಬೈಜಾನ್ ಪಾಕಿಸ್ತಾನದ ಪರ ಮಾತಾಡಿದ್ದು, ಅದಕ್ಕೆ ನಮ್ಮ ಪ್ರವಾಸಿಗರು ಗುಂಪುಗುಂಪಾಗಿ ಟಿಕೆಟ್ ರದ್ದು ಮಾಡಿದ್ದು ನಮಗೆ ಗೊತ್ತು. ಹೋಗುವುದೋ ಬಿಡುವುದೋ ಅವರವರ ನಿರ್ಧಾರ. ಹೋದವರು ಚಹಾ ಅಂಗಡಿಯಲ್ಲಿ ಈ ಚರ್ಚೆಗೆ ಕೂರದಿರುವುದು ಒಳಿತು.

ಹಣ ಮನಾತ್. 2017ರಿಂದ ಒಂದು ಡಾಲರಿಗೆ 1.7 ಮನಾತ್ ದರ ಕದಲದೆ ನಿಂತಿದೆ, ಲೆಕ್ಕ ಸುಲಭ. ಕಾರ್ಡನ್ನು ನಖ್‌ಚಿವಾನ್ ಪಟ್ಟಣದ ಹೋಟೆಲಿನಲ್ಲಿ ತೆಗೆದುಕೊಂಡರೂ ಹಳ್ಳಿಯ ಟ್ಯಾಕ್ಸಿಗೆ, ಚಹಾಕ್ಕೆ, ಸಂತೆಗೆ ನಗದೇ ಬೇಕು. ಬಾಕುವಿನಲ್ಲೇ ಬದಲಾಯಿಸಿ, 1, 5, 10ರ ನೋಟುಗಳಾಗಿ ಇಟ್ಟುಕೊಳ್ಳಿ. ಇಂಗ್ಲಿಷ್ ನಡೆಯುವುದು ಕಡಿಮೆ. ಟರ್ಕಿಶ್ ನಾಲ್ಕು ಮಾತು ಬಂದರೆ ಎಲ್ಲ ಕೆಲಸ ಆಗುತ್ತದೆ. ಫೋನಿನಲ್ಲಿ ಅಜರ್‌ಬೈಜಾನಿ ಭಾಷೆಯ ಅನುವಾದ ಕಡತವನ್ನು ಮೊದಲೇ ಇಳಿಸಿಕೊಂಡಿರಿ, ಕಣಿವೆಗಳಲ್ಲಿ ಸಿಗ್ನಲ್ ಹೋಗುತ್ತದೆ.

ಹತ್ತು ಮುಖದ ಗೋಪುರ

ನಖ್‌ಚಿವಾನ್ ಪಟ್ಟಣಕ್ಕೆ ಕಾಲಿಟ್ಟವರು ಮೊದಲು ಗಮನಿಸುವುದು ಬೀದಿಗಳ ಚೊಕ್ಕಟತನ. ಅಗಲ ರಸ್ತೆ, ಹೊಸ ಬಣ್ಣದ ಕಟ್ಟಡ, ನೆಲದ ಮೇಲೆ ಒಂದು ಕಾಗದದ ಚೂರಿಲ್ಲ, ಜನವೂ ವಿರಳ. ಇದನ್ನು ಹೊಗಳುವ ಮುನ್ನ ಹಿನ್ನೆಲೆ ತಿಳಿದಿರಬೇಕು. 1995ರಿಂದ 2022ರ ಡಿಸೆಂಬರ್‌ವರೆಗೆ ಇಲ್ಲಿ ಆಳಿದ ವಾಸಿಫ್ ತಾಲಿಬೊವ್ ಕಾಲದಲ್ಲಿ ಶಿಕ್ಷಕರು, ಸರ್ಕಾರಿ ನೌಕರರು ರಜಾದಿನಗಳಲ್ಲಿ ಬೀದಿ ಗುಡಿಸಲು, ಗಿಡ ನೆಡಲು ಹೋಗಬೇಕಿತ್ತು ಎಂದು ಪತ್ರಕರ್ತರೂ ಹಕ್ಕುಗಳ ಸಂಘಟನೆಗಳೂ ಬಹಳ ವರ್ಷ ಹೇಳಿವೆ. ಒಂದೇ ಬಾಗಿಲಿರುವ ಮನೆಯಲ್ಲಿ ಯಜಮಾನನ ಮಾತು ಎಷ್ಟು ದೂರ ನಡೆಯುತ್ತದೆ ಎಂಬುದಕ್ಕೆ ಆ ಬೀದಿಗಳು ಸಾಕ್ಷಿ.

ಆದರೆ ಈ ಊರಿಗೆ ಬರಲು ನಿಜವಾದ ಕಾರಣ ಮೊಮಿನೆ ಖಾತೂನ್ ಗೋರಿ. ಕಟ್ಟಿದವನು ಇದೇ ಊರಿನ ಅಜೆಮಿ ಎಂಬ ಶಿಲ್ಪಿ. ಅಬೂಬಕರನ ಮಗ ಅಜೆಮಿ ಎಂದು ಕಟ್ಟಡದ ಮೇಲೇ ಬರೆದಿದೆ. ಮುಗಿದದ್ದು 1186ರಲ್ಲಿ. ಆಗ ಈ ಸೀಮೆಯನ್ನು ಆಳುತ್ತಿದ್ದ ಎಲ್ದಿಗುಝ್ ವಂಶದ ಅತಾಬೆಗ್ (ದೊರೆ) ಜಹಾನ್ ಪಹ್ಲವಾನ್ ತನ್ನ ತಾಯಿಗಾಗಿ ಇದನ್ನು ಪೂರ್ತಿ ಮಾಡಿಸಿದ. ಈಗ ಉಳಿದಿರುವ ಎತ್ತರ ಸುಮಾರು 25 ಮೀಟರ್. ಮೇಲಿದ್ದ ಡೇರೆಯಾಕಾರದ ಛಾವಣಿ ಬಿದ್ದುಹೋಗಿದೆ. ಅದು ಹೇಗಿತ್ತೆಂದು ಊಹಿಸಲು ಅದೇ ಊರಿನಲ್ಲಿ ಅದೇ ಅಜೆಮಿ 1162ರಲ್ಲಿ ಕಟ್ಟಿದ ಯೂಸುಫ್ ಇಬ್ನ್ ಕುಸೆಯಿರ್ ಗೋರಿಗೆ ಹೋಗಬೇಕು. ಅದು ಎಂಟು ಮುಖದ್ದು, ಚಿಕ್ಕದು, ಛಾವಣಿ ಇನ್ನೂ ಇದೆ. ನನ್ನ ಸಲಹೆ: ಚಿಕ್ಕದನ್ನು ಮೊದಲು ನೋಡಿ. ಅಲ್ಲಿ ಪ್ರತಿ ಮುಖದಲ್ಲೂ ಇಟ್ಟಿಗೆಯ ಹೆಣಿಗೆ ಸರಳ, ಕಣ್ಣಿಗೆ ಲೆಕ್ಕ ಸಿಗುತ್ತದೆ. ಇಪ್ಪತ್ತನಾಲ್ಕು ವರ್ಷದ ನಂತರ ಅದೇ ಕೈ ಎಲ್ಲಿಗೆ ಹೋಯಿತೆಂದು ದೊಡ್ಡದರ ಮುಂದೆ ನಿಂತಾಗ ಆಗ ಗೊತ್ತಾಗುತ್ತದೆ. ಹತ್ತು ಮುಖ, ಒಂದರಂತೆ ಇನ್ನೊಂದಿಲ್ಲ. ಕೆಂಪು ಇಟ್ಟಿಗೆಯ ನಡುವೆ ಅಲ್ಲಲ್ಲಿ ಹಸಿರುನೀಲಿ ಮೆರುಗಿನ ಇಟ್ಟಿಗೆ. ಗೆರೆಗಳು ಬಣ್ಣದಿಂದ ಮೂಡಿದ್ದಲ್ಲ, ಇಟ್ಟಿಗೆಯ ಉಬ್ಬುತಗ್ಗಿನ ನೆರಳಿನಿಂದ ಮೂಡಿದ್ದು. ಹಾಗಾಗಿ ನಡುಮಧ್ಯಾಹ್ನ ಹೋದರೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. ಪೂರ್ವದ ಮುಖಗಳು ಬೆಳಿಗ್ಗೆ ತೆರೆದುಕೊಳ್ಳುತ್ತವೆ, ಪಶ್ಚಿಮದವು ಸಂಜೆ.

ಇದನ್ನೇ ಮುಂದುವರಿಸಿ ನೋಡಬೇಕೆನ್ನುವವರು ವಾಯವ್ಯಕ್ಕೆ ಕರಬಾಗ್ಲಾರ್ ಹಳ್ಳಿಗೆ ಅರ್ಧ ದಿನ ಇಡಿ. ಅಲ್ಲಿನ ಗೋರಿಯ ಹೊರಮೈ ಹನ್ನೆರಡು ಅರೆಗಂಬಗಳ ಅಲೆಯಂತಿದ್ದು, ಮೈಯೆಲ್ಲ ಮೆರುಗಿನ ಇಟ್ಟಿಗೆ.

ಅಲಿಂಜಾ ಮತ್ತು ಉಪ್ಪಿನ ಗುಡ್ಡ

ಜುಲ್ಫಾ ದಾರಿಯಲ್ಲಿ ಖಾನೆಗಾಹ್ ಹಳ್ಳಿಯ ಮೇಲೆ ಅಲಿಂಜಾ ಕೋಟೆ. 1387ರಿಂದ 1401ರವರೆಗೆ, ಹದಿನಾಲ್ಕು ವರ್ಷ, ತೈಮೂರನ ಸೇನೆ ಬಿಟ್ಟುಬಿಟ್ಟು ಮುತ್ತಿದರೂ ಅಷ್ಟು ಕಾಲ ಬಗ್ಗಲಿಲ್ಲ. ಗುಟ್ಟು ನೀರಿನಲ್ಲಿದೆ: ಬಂಡೆಯಲ್ಲಿ ಕಾಲುವೆ ಕೊರೆದು ಮಳೆನೀರು, ಕರಗಿದ ಹಿಮವನ್ನು ತೊಟ್ಟಿಗಳಿಗೆ ಹರಿಸುತ್ತಿದ್ದರು. ವರ್ಷಕ್ಕೆ ಇನ್ನೂರೈವತ್ತು ಮಿಲಿಮೀಟರ್ ಆಸುಪಾಸು ಮಳೆಯಾಗುವ ನಾಡಿನಲ್ಲಿ ಆ ತೊಟ್ಟಿಗಳನ್ನು ಹುಡುಕಿ ನೋಡುವುದು ಗೋಡೆ ನೋಡುವುದಕ್ಕಿಂತ ಮುಖ್ಯ. ಗೋಡೆಗಳಲ್ಲಿ ಬಹುಪಾಲು ಕಳೆದ ದಶಕದ ಜೀರ್ಣೋದ್ಧಾರದಲ್ಲಿ ಎದ್ದದ್ದು. ಕಲ್ಲು ತೀರ ಹೊಸದು, ಅಂಚು ತೀರ ನೇರ. ಹಳೆಯ ಅಡಿಪಾಯದ ಗೆರೆ ಎಲ್ಲಿ ಮುಗಿದು ಹೊಸ ಕಟ್ಟಡ ಎಲ್ಲಿ ಶುರು ಎಂಬುದನ್ನು ಗುರುತು ಬಿಟ್ಟು ಕಟ್ಟಬೇಕಿತ್ತು.

ಮೇಲಕ್ಕೆ ಒಂದೂವರೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ನೆರಳು ಎಂಬುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ತಾಪ 40 ಡಿಗ್ರಿ ದಾಟುವುದುಂಟು. ಒಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಬೂಟು ಬೇಕು. ಬೆಳಿಗ್ಗೆ ಎಂಟರೊಳಗೆ ಹತ್ತಲು ಶುರು ಮಾಡಿ. ಹತ್ತುವುದಕ್ಕೆ ಒಂದು ಗಂಟೆ, ಮೇಲೆ ಒಂದು ಗಂಟೆ, ಇಳಿಯಲು ಮುಕ್ಕಾಲು ಗಂಟೆ. ಮಂಡಿ ನೋವಿರುವವರಿಗೆ ಇಳಿಯುವುದೇ ಕಷ್ಟ, ಕೋಲು ಹಿಡಿದುಹೋಗಿ. ಮೇಲಿಂದ ಎದುರಿಗೆ ಕಾಣುವ ಸೀಳುತುದಿಯ ಒಂಟಿ ಬೆಟ್ಟ ಇಲಾನ್‌ದಾಗ್, 2,415 ಮೀಟರ್. ನೋಹನ ನಾವೆಯ ತಳ ಬಡಿದು ಆ ತುದಿ ಸೀಳಿತು ಎಂಬುದು ಇಲ್ಲಿಯ ನಂಬಿಕೆ. ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ.

ದುಜ್‌ದಾಗ್ ಉಪ್ಪಿನ ಗುಡ್ಡ ಪಟ್ಟಣದ ಹತ್ತಿರವೇ. ಗಣಿಯ ಸುರಂಗದೊಳಗೆ ಆಸ್ತಮಾ ರೋಗಿಗಳಿಗಾಗಿ ಹಾಸಿಗೆ ಹಾಕಿದ ಆರೋಗ್ಯಕೇಂದ್ರವಿದೆ, ಹಲವರು ರಾತ್ರಿ ಅಲ್ಲೇ ಮಲಗುತ್ತಾರೆ. ಒಳಗೆ ವರ್ಷವಿಡೀ ತಂಪು, ತೆಳು ಸ್ವೆಟರ್ ಇರಲಿ. ಮಲಗಿದವರ ಫೋಟೋ ತೆಗೆಯಬೇಡಿ. ಇದೇ ಗುಡ್ಡದಲ್ಲಿ ಫ್ರೆಂಚ್ ಮತ್ತು ಅಜರ್‌ಬೈಜಾನಿ ಪುರಾತತ್ತ್ವಜ್ಞರು ಕ್ರಿ.ಪೂ. 5ನೇ ಸಹಸ್ರಮಾನದಲ್ಲೇ ಗಣಿಗಾರಿಕೆ ನಡೆದದ್ದಕ್ಕೆ ಕುರುಹು ಕಂಡಿದ್ದಾರೆ.

ಓರ್ದುಬಾದ್, ಬೀದರಿನವರಿಗೆ ಗೊತ್ತಿರುವ ನೀರು

ಪೂರ್ವದ ತುದಿಯಲ್ಲಿ ಓರ್ದುಬಾದ್, ಪಟ್ಟಣದಿಂದ ಟ್ಯಾಕ್ಸಿಯಲ್ಲಿ ಒಂದೂಕಾಲು ಗಂಟೆ. ಮಣ್ಣಿನ ಗೋಡೆಯ ಓಣಿ, ಹಿಪ್ಪುನೇರಳೆ, ಒಣಹಣ್ಣು, ನಿಂಬೆ. ಓಣಿಗಳಲ್ಲಿ ಅಲ್ಲಲ್ಲಿ ಮೆಟ್ಟಿಲು ನೆಲದಡಿಗೆ ಇಳಿಯುತ್ತದೆ. ಕೆಳಗೆ ತಣ್ಣಗೆ ನೀರು ಹರಿಯುತ್ತಿರುತ್ತದೆ. ಇದು ಕಹ್ರಿಜ್. ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗುವವರೆಗೆ ತಾಯಿಬಾವಿ ತೋಡಿ, ಅಲ್ಲಿಂದ ಊರಿನವರೆಗೆ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆಯುವುದು, ದಾರಿಯುದ್ದಕ್ಕೂ ಗಾಳಿಬಾವಿಗಳನ್ನು ಬಿಡುವುದು. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆದು ಕುಸಿಸುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಹೂಳೆತ್ತುವವರು, ಅಗೆಯುವವರು ಕೆನ್‌ಕನ್‌ಗಳು. ತಲೆಮಾರಿನಿಂದ ತಲೆಮಾರಿಗೆ ಬಂದ ಕಸುಬು. ಸೋವಿಯತ್ ಕಾಲದಲ್ಲಿ ವಿದ್ಯುತ್ ಪಂಪು ಬಂದು ಕಹ್ರಿಜ್‌ಗಳು ಪಾಳುಬಿದ್ದವು. 1990ರ ದಶಕದಲ್ಲಿ ವಿದ್ಯುತ್ತೇ ಇಲ್ಲದಾದಾಗ ಜನ ಮತ್ತೆ ಇವುಗಳತ್ತ ತಿರುಗಿದರು. ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ನೆರವಿನಿಂದ ಎಷ್ಟೋ ಕಹ್ರಿಜ್‌ಗಳ ದುರಸ್ತಿಯಾಯಿತು.

ಬೀದರಿನ ನೌಬಾದ್ ಕರೇಜ್ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 15ನೇ ಶತಮಾನದಲ್ಲಿ ಬಹಮನಿಗಳ ಕಾಲಕ್ಕೆ ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ಅದೇ ಸುರಂಗ, ಅದೇ ಗಾಳಿಬಾವಿಗಳ ಸಾಲು. ಇದು ಬರೀ ಹೋಲಿಕೆಯಲ್ಲ, ಒಂದೇ ಪರ್ಷಿಯನ್ ವಿದ್ಯೆಯ ಎರಡು ಕೊಂಬೆ. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಬಂದದ್ದು ಕ್ಯಾಸ್ಪಿಯನ್ ತೀರದ ಗಿಲಾನ್ ಸೀಮೆಯಿಂದ, ನಕ್ಷೆಯಲ್ಲಿ ಓರ್ದುಬಾದಿನಿಂದ ಅದು ಬಹು ದೂರವೇನಲ್ಲ. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಮಿನಾರಿನ ಮೇಲೆ ಉಳಿದಿರುವ ಬಣ್ಣದ ಹೆಂಚಿನ ಅಂಕುಡೊಂಕು ಗೆರೆ ನೋಡಿ, ಆಮೇಲೆ ಕರಬಾಗ್ಲಾರಿನ ಗೋಡೆ ನೋಡಿ. ಕಲಬುರಗಿ, ಬೀದರ್ ಕಡೆಯ ಓದುಗರು ಈ ನಾಡನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಬಲ್ಲರು.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ತಯಾರಿ ಬೇಕು. ತಂದೂರ್ ರೊಟ್ಟಿ, ಬಿಳಿ ಚೀಸ್, ಬೆಣ್ಣೆ, ಜೇನು, ಸೊಪ್ಪಿನ ತಟ್ಟೆ, ಟೊಮೆಟೊ, ಸೌತೆ ಎಲ್ಲೆಡೆ ಸಿಗುತ್ತದೆ. ಮೊಸರು, ಅಕ್ಕಿ, ಸೊಪ್ಪು ಹಾಕಿ ಕುದಿಸುವ ದೋವ್ಗಾ, ಸೊಪ್ಪು ತುಂಬಿದ ತೆಳು ಕುತಾಬ್ ಕೇಳಿ. ದೋವ್ಗಾದಲ್ಲಿ ಕೆಲವರು ಮಾಂಸದುಂಡೆ ಹಾಕುತ್ತಾರೆ, ತರಕಾರಿ ಸೂಪಿಗೂ ಮಾಂಸದ ಸಾರನ್ನೇ ಬಳಸುತ್ತಾರೆ, ಮೊದಲೇ ವಿಚಾರಿಸಿ. ಕುಡಿಯಲು ಇಲ್ಲಿಯದೇ ಸಿರಾಬ್ ಖನಿಜಜಲ ಇದೆ, ಸ್ವಲ್ಪ ಉಪ್ಪುಪ್ಪು.

ಜುಲ್ಫಾದಲ್ಲಿ ಇಲ್ಲದ್ದು

ಜುಲ್ಫಾ ಬಳಿ ಅರಸ್ ದಂಡೆಯಲ್ಲಿ ಅರ್ಮೇನಿಯನ್ನರ ದೊಡ್ಡ ಸ್ಮಶಾನವಿತ್ತು. ಖಾಚ್‌ಕಾರ್ ಎಂಬ ಕೆತ್ತನೆಯ ಶಿಲುಬೆಗಲ್ಲುಗಳು ಸಾವಿರಗಟ್ಟಲೆ ನಿಂತಿದ್ದವು. 1998ರಿಂದ ಹಂತಹಂತವಾಗಿ ಶುರುವಾಗಿ 2005ರ ಡಿಸೆಂಬರ್‌ನಲ್ಲಿ ಅವು ಪೂರ್ತಿ ನೆಲಸಮವಾದವು. ಸೈನಿಕರು ಸುತ್ತಿಗೆಯಿಂದ ಒಡೆಯುವುದನ್ನು ಇರಾನ್ ದಂಡೆಯಿಂದ ಚಿತ್ರೀಕರಿಸಲಾಗಿತ್ತು. 2006ರಲ್ಲಿ ಯುರೋಪಿನ ಸಂಸತ್ತು ಖಂಡಿಸಿತು. 2022ರಲ್ಲಿ ಕಾಕಸಸ್ ಹೆರಿಟೇಜ್ ವಾಚ್ ಎಂಬ ಸಂಶೋಧಕರ ತಂಡ ಉಪಗ್ರಹ ಚಿತ್ರಗಳಿಂದ ಗುರುತಿಸಿದಂತೆ, ನಖ್‌ಚಿವಾನಿನಲ್ಲಿ ಪತ್ತೆಹಚ್ಚಲಾದ 110 ಅರ್ಮೇನಿಯನ್ ಮಠ, ಚರ್ಚು, ಸ್ಮಶಾನಗಳಲ್ಲಿ 108 ನಾಶವಾಗಿವೆ. ಅಜರ್‌ಬೈಜಾನ್ ಸರ್ಕಾರ ಇದನ್ನು ಒಪ್ಪುವುದಿಲ್ಲ. ಇತ್ತ ಅರ್ಮೇನಿಯಾದಿಂದ ಓಡಿಬಂದ ಅಜರ್‌ಬೈಜಾನಿ ಕುಟುಂಬಗಳೂ ಈ ನಾಡಿನಲ್ಲಿವೆ, ಅವರು ಬಿಟ್ಟುಬಂದ ಊರುಗಳಲ್ಲೂ ಎಷ್ಟೋ ಮಸೀದಿ, ಗೋರಿಗಳು ಉಳಿದಿಲ್ಲ. ಆದರೆ ಒಂದರ ನೋವನ್ನು ಇನ್ನೊಂದಕ್ಕೆ ಜಮಾ ಹಾಕಿ ಲೆಕ್ಕ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅಜೆಮಿಯ ಗೋಪುರದ ಮುಂದೆ ಮೈಮರೆಯುವ ಪ್ರವಾಸಿ ಇದನ್ನೂ ತಿಳಿದಿರಬೇಕು. ಆದರೆ ಸ್ಮಶಾನವಿದ್ದ ಜಾಗವನ್ನು ಹುಡುಕಿಕೊಂಡು ಹೋಗಬೇಡಿ. ಅದು ಗಡಿವಲಯ. ನೀವು ಯಾರನ್ನು ವಿಚಾರಿಸುತ್ತೀರೋ ಆ ಸ್ಥಳೀಯರಿಗೂ ತೊಂದರೆಯಾಗುತ್ತದೆ.

ಆ ಊರಿನ ಜನರ ಕತೆ ನಮ್ಮ ಪಕ್ಕದವರೆಗೆ ಬಂದಿದೆ. 1604-05ರಲ್ಲಿ ಇರಾನಿನ ಷಾ ಅಬ್ಬಾಸ್ ಜುಲ್ಫಾದ ಅರ್ಮೇನಿಯನ್ ವರ್ತಕರನ್ನು ಎಬ್ಬಿಸಿ ಇಸ್ಫಹಾನಿಗೆ ಸಾಗಿಸಿದ. ಅಲ್ಲಿ ಅವರು ಕಟ್ಟಿದ ಹೊಸ ಜುಲ್ಫಾದಿಂದ ಸೂರತ್, ಕಲ್ಕತ್ತಾ, ಮದರಾಸುಗಳಿಗೆ ವ್ಯಾಪಾರ ಹಬ್ಬಿತು. ಮದರಾಸಿನ ಸೈದಾಪೇಟೆಯಲ್ಲಿ 1726ರಲ್ಲಿ ಅಡ್ಯಾರ್ ನದಿಗೆ ಸೇತುವೆ ಕಟ್ಟಿಸಿದ ಕೋಜಾ ಪೆಟ್ರಸ್ ಉಸ್ಕಾನ್ ಈ ಸಮುದಾಯದವನು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ ಅಚ್ಚಾದದ್ದು 1794ರಲ್ಲಿ, ಮದರಾಸಿನಲ್ಲೇ. ಚೆನ್ನೈನ ಅರ್ಮೇನಿಯನ್ ಬೀದಿಯ ಚರ್ಚಿನ ಅಂಗಳದಲ್ಲಿ ಹಾಸಿರುವ ಗೋರಿಕಲ್ಲುಗಳನ್ನು ಇನ್ನೂ ನೋಡಬಹುದು. ಬೆಂಗಳೂರಿನಿಂದ ಒಂದು ರಾತ್ರಿಯ ರೈಲು.

ಗಡಿಯ ಬೇಲಿ, ಕಾವಲು ಗೋಪುರ, ಸೇತುವೆ, ಸೈನಿಕ ವಾಹನ, ಜುಲ್ಫಾ ರೈಲು ನಿಲ್ದಾಣ ಇವುಗಳತ್ತ ಕ್ಯಾಮೆರಾ ತಿರುಗಿಸಬಾರದು. ಓರ್ದುಬಾದ್ ರಸ್ತೆ ಮೈಲುಗಟ್ಟಲೆ ನದಿಯ ಬೇಲಿಯ ಪಕ್ಕದಲ್ಲೇ ಸಾಗುತ್ತದೆ. ಓಡುವ ಕಾರಿನಿಂದ ಬೆಟ್ಟದ ಚಿತ್ರ ತೆಗೆದರೂ ಅದರಲ್ಲಿ ಬೇಲಿ ಬಂದಿರುತ್ತದೆ. ಚಾಲಕ ಬೇಡವೆಂದರೆ ಬೇಡ. ಡ್ರೋನ್ ಒಯ್ಯಲೇಬೇಡಿ. ಕಪಿಜಿಕ್ ಶಿಖರದ ಬಳಿಯ ಗೆಮಿಕಾಯಾ ಶಿಲಾಚಿತ್ರಗಳಿಗೆ ಹೋಗಲು ಅನುಮತಿ, ಎತ್ತರದ ಜೀಪು, ಹಿಮ ಕರಗಿದ ಜುಲೈ, ಆಗಸ್ಟ್ ಮೂರೂ ಕೂಡಿಬರಬೇಕು. ಒಂದು ವಾರದ ಪ್ರವಾಸದಲ್ಲಿ ಅದನ್ನು ಸೇರಿಸಿಕೊಂಡು ನಿರಾಶರಾಗುವುದು ಬೇಡ.

ಮುಂದೆ ತೆರೆಯಬಹುದಾದ ದಾರಿ

2025ರ ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ ಅರ್ಮೇನಿಯಾ, ಅಜರ್‌ಬೈಜಾನ್ ನಾಯಕರು ಕೂತು, ಮೆಘ್ರಿಯ ಪಟ್ಟಿಯಲ್ಲಿ ಅಮೆರಿಕದ ಪಾಲುದಾರಿಕೆಯ ಸಾರಿಗೆ ಮಾರ್ಗಕ್ಕೆ ಒಪ್ಪಿದರು. ಅದೇ ತಿಂಗಳು ಟರ್ಕಿ ಕಾರ್ಸ್‌ನಿಂದ ಇಗ್ದಿರ್ ಮೂಲಕ ನಖ್‌ಚಿವಾನ್ ಗಡಿಯವರೆಗಿನ 224 ಕಿಲೋಮೀಟರ್ ರೈಲುಹಾದಿಗೆ ಅಡಿಗಲ್ಲು ಹಾಕಿತು. ಎರಡೂ ಕೂಡಿದರೆ ಬಾಕುವಿನಿಂದ ಕಾರ್ಸ್‌ವರೆಗೆ ಅರಸ್ ದಂಡೆಯಲ್ಲಿ ರೈಲು ಓಡಬೇಕು. ಹಳಿ ಹಾಕುವುದಕ್ಕಿಂತ ಸುಂಕದ ಕಟ್ಟೆ ಯಾರದ್ದು, ಪಾಸ್‌ಪೋರ್ಟ್ ನೋಡುವವರು ಯಾರು ಎಂಬ ಮಾತು ಮುಗಿಯುವುದು ತಡವಾಗುತ್ತದೆ ಎಂದು ನನ್ನ ಎಣಿಕೆ. ಸರಕಿನ ಗಾಡಿ ಮೊದಲು, ಪ್ರಯಾಣಿಕರ ಗಾಡಿ ಬಹಳ ಆಮೇಲೆ.

ಅದು ಬಂದ ದಿನ ಈ ನಾಡನ್ನು ನೋಡುವ ಕ್ರಮವೇ ಬದಲಾಗುತ್ತದೆ. ಈಗ ಎಲ್ಲರೂ ವಿಮಾನದಿಂದ ನಡುವಿನ ಪಟ್ಟಣಕ್ಕೆ ಇಳಿದು, ಬೆಳಿಗ್ಗೆ ಹೋಗಿ ಸಂಜೆ ಅಲ್ಲಿಗೇ ಮರಳುತ್ತಾರೆ, ಯಾಕೆಂದರೆ ಯಾವ ದಾರಿ ಹಿಡಿದರೂ ಗಡಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಸದ್ಯಕ್ಕೆ ನಾಲ್ಕು ರಾತ್ರಿ ಒಂದೇ ಹೋಟೆಲಿನಲ್ಲಿ ಉಳಿಯುವುದೇ ಸರಿ: ಒಂದು ದಿನ ಪಟ್ಟಣಕ್ಕೆ, ಒಂದು ಅಲಿಂಜಾ ಮತ್ತು ಜುಲ್ಫಾ ಕಡೆಗೆ, ಒಂದು ಪೂರ್ತಿ ಓರ್ದುಬಾದಿಗೆ, ಒಂದು ಕರಬಾಗ್ಲಾರಿಗೂ ದುಜ್‌ದಾಗ್‌ಗೂ. ಕರಬಾಗ್ಲಾರಿನಿಂದ ಹೊತ್ತಿದ್ದರೆ ಶರೂರ್ ಬಯಲಿನವರೆಗೆ ಮುಂದೆ ಹೋಗಿ. ಮೋಡವಿಲ್ಲದ ದಿನ ಅಲ್ಲಿಂದ ಅರಾರಾತ್ ಬೆಟ್ಟದ ಎರಡೂ ಶಿಖರ ಕಾಣುತ್ತವೆ. ಅಲ್ಲಿಂದ ಟರ್ಕಿಯ ಗಡಿ ಹತ್ತಿರವೇ, ಟ್ಯಾಕ್ಸಿಯವರು ಸದರಕ್‌ಗಿಂತ ಸಾಕಷ್ಟು ಮೊದಲೇ ಗಾಡಿ ತಿರುಗಿಸುತ್ತಾರೆ.